ಗೌಜಲ ಮರಿ ಮಾಡಿಸುವ ಇನ್‌ಕ್ಯುಬೇಟರ್: ಹಲವು ತಲೆಮಾರು ದಾಟಿದ ಮೇಲಿನ ಮಾತು

ಮರಿ ಮಾಡಿಸುವುದಷ್ಟೇ ಗುರಿಯಾದರೆ ಈ ಪೆಟ್ಟಿಗೆ ಸಾಕು, ಧೈರ್ಯವಾಗಿ ತಗೊಳ್ಳಿ. ಒಳ್ಳೆಯ ಹಕ್ಕಿ ಆರಿಸಿ ತಳಿ ಕಟ್ಟುವ ಆಸೆಯಿದ್ದರೆ ಜೊತೆಗೆ ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ, ತೇವಾಂಶ ಅಳೆಯುವ ಬೇರೆಯದೇ ಒಂದು ಹೈಗ್ರೋಮೀಟರ್ ಮತ್ತು ಒಂದು ನೋಟ್‌ಬುಕ್ಕಿಗೂ ದುಡ್ಡು ಎತ್ತಿಡಿ. ಪೆಟ್ಟಿಗೆಯ ಡಿಸ್‌ಪ್ಲೇ ತೋರಿಸುವ ತೇವಾಂಶವನ್ನು ನಾನು ಈಗ ನೋಡುವುದೇ ಇಲ್ಲ.

ನನ್ನದು ಥರ್ಮಾಕೋಲ್ ಮೈಯ, ಒಳಗೆ ಫ್ಯಾನ್ ಇರುವ, ಮೊಟ್ಟೆಯನ್ನು ತಾನೇ ಹೊರಳಿಸುವ ಮಾದರಿ. ಬೆಂಗಳೂರಿನ ನಾಗರಬಾವಿಯ ಮನೆಯಲ್ಲಿ, ಬಿಸಿಲು ಬೀಳದ ಒಳಕೋಣೆಯಲ್ಲಿಟ್ಟಿದ್ದೇನೆ. ಹಕ್ಕಿಗಳ ಗೂಡು ಟೆರೇಸಿನ ಮೇಲಿದೆ. ಈ ಪೆಟ್ಟಿಗೆಗಳನ್ನು ಕೋಳಿ ಮೊಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ಗೌಜಲ ಮೊಟ್ಟೆ ಹತ್ತು-ಹನ್ನೆರಡು ಗ್ರಾಂ ಮಾತ್ರ, ಕೋಳಿಯ ಟ್ರೇಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಗೌಜಲ ಟ್ರೇಯನ್ನು ಕೊಳ್ಳುವಾಗಲೇ ಕೇಳಿ.

ಜಪಾನಿ ಗೌಜಲು ಸಾಕುವವರಿಗೆ ಇನ್‌ಕ್ಯುಬೇಟರ್ ಶೋಕಿಯಲ್ಲ. ತಲೆತಲಾಂತರ ಪಂಜರದಲ್ಲೇ ಬೆಳೆದ ಈ ಹಕ್ಕಿ ಕಾವಿಗೆ ಕೂರುವ ಗುಣವನ್ನೇ ಬಹುಪಾಲು ಕಳೆದುಕೊಂಡಿದೆ. 1974ರಲ್ಲಿ ಭಾರತಕ್ಕೆ ಬಂದ ಹಕ್ಕಿ ಇದು. ತಳಿ ಸುಧಾರಣೆಯ ಕೆಲಸ ನಡೆದದ್ದು ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯಲ್ಲಿ. ಹೆಸರಘಟ್ಟದ ಹುಲ್ಲುಗಾವಲಿನ ಕಾಡು ಗೌಜಲು ಬೇರೆಯೇ. ಹೊಸ ರಕ್ತ ಬೇಕೆಂದು ಅವನ್ನು ಹಿಡಿಯುವ ಮಾತು ಕೆಲವರ ಬಾಯಲ್ಲಿ ಕೇಳಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ದಯವಿಟ್ಟು ಬೇಡ.

ಉಷ್ಣತೆಯ ವಿಷಯದಲ್ಲಿ ದೂರಿಲ್ಲ. 37.5 ಡಿಗ್ರಿಗೆ ಇಟ್ಟರೆ ಅಲ್ಲೇ ನಿಲ್ಲುತ್ತದೆ, 17ನೇ ದಿನಕ್ಕೆ ಚಿಪ್ಪು ಒಡೆಯುವ ಸದ್ದು ಶುರು. ತೊಂದರೆಯೆಲ್ಲ ತೇವಾಂಶದ್ದು. ಕೈಪಿಡಿಯಲ್ಲಿ ಸದಾ ನೀರು ತುಂಬಿಡಿ ಎಂದಿದೆ. ಬೆಂಗಳೂರಿನ ಜುಲೈ-ಆಗಸ್ಟಿನಲ್ಲಿ ಹಾಗೆ ಮಾಡಿದರೆ ಮರಿ ಪೂರ್ತಿ ಬಲಿತೂ ಚಿಪ್ಪಿನೊಳಗೇ ಸಾಯುತ್ತದೆ, ಏಕೆಂದರೆ ಮೊಟ್ಟೆಯ ನೀರು ಆವಿಯಾಗಿ ಹೋಗದಿದ್ದರೆ ಒಳಗಿನ ಗಾಳಿಗೂಡು ದೊಡ್ಡದಾಗುವುದಿಲ್ಲ, ಮರಿಗೆ ಮೊದಲ ಉಸಿರಿಗೆ ಜಾಗವಿರುವುದಿಲ್ಲ. ಮಾರ್ಚ್-ಏಪ್ರಿಲಿನ ಒಣಹವೆಯಲ್ಲಿ ಇದರ ತಿರುಗಾಮುರುಗ: ನೀರಿಲ್ಲದಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ತಕ್ಕಡಿ ಇರುವುದು ಇದಕ್ಕೇ. ಇಡುವ ದಿನ ಟ್ರೇ ಸಮೇತ ತೂಗಿ, ಖಾಲಿ ಟ್ರೇಯ ತೂಕ ಕಳೆದು ಬರೆದಿಡಿ. ಹೊರಳಿಸುವುದನ್ನು ನಿಲ್ಲಿಸುವ ಹೊತ್ತಿಗೆ, ಅಂದರೆ 14-15ನೇ ದಿನಕ್ಕೆ, ಮೊಟ್ಟೆಯ ತೂಕ ಸುಮಾರು 12 ಶೇಕಡಾ ಇಳಿದಿರಬೇಕು. 12 ಗ್ರಾಮಿನ ಮೊಟ್ಟೆ ಹತ್ತೂವರೆಗೆ ಬಂದಿರಬೇಕು. ಇಳಿತ ಕಡಿಮೆಯಾದರೆ ನೀರು ತೆಗೆಯಿರಿ, ಜಾಸ್ತಿಯಾದರೆ ಹಾಕಿ. ಗೌಜಲ ಚಿಪ್ಪಿನ ಮೇಲೆ ಕಪ್ಪು ಮಚ್ಚೆಗಳಿರುವುದರಿಂದ ಟಾರ್ಚ್ ಹಿಡಿದರೆ ಒಳಗಿನದು ಸರಿಯಾಗಿ ಕಾಣುವುದಿಲ್ಲ, ತಕ್ಕಡಿ ಮೋಸ ಮಾಡುವುದಿಲ್ಲ. ಮಳೆಗಾಲದಲ್ಲಿ ಮೊದಲ ಎರಡು ವಾರ ನಾನು ನೀರು ಹಾಕದೆಯೇ ನಡೆಸುತ್ತೇನೆ, ಕೊನೆಯ ಮೂರು ದಿನ ಮಾತ್ರ ನೀರು ತುಂಬಿ 65-70 ಶೇಕಡಾಕ್ಕೆ ಏರಿಸಿ ಮುಚ್ಚಳ ಮುಟ್ಟದೆ ಬಿಡುತ್ತೇನೆ.

ಕರೆಂಟ್ ಹೋದಾಗ ಥರ್ಮಾಕೋಲ್ ಒಂದಷ್ಟು ಹೊತ್ತು ಬಿಸಿ ಹಿಡಿದಿಡುತ್ತದೆ, ಆದರೂ ಮನೆಯ ಇನ್ವರ್ಟರ್ ಲೈನಿಗೇ ಕೊಡುವುದು ಒಳ್ಳೆಯದು. ಫ್ಯಾನ್ ಕೆಟ್ಟಿತು, ಹೊರಳಿಸುವ ಮೋಟರೂ ಕೆಟ್ಟಿತು. ಎರಡೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಕಡಿಮೆ ಬೆಲೆಗೆ ಸಿಕ್ಕವು. ಪೆಟ್ಟಿಗೆ ಮಾರಿದವರು ಫೋನ್ ಎತ್ತಲಿಲ್ಲ.

ಈಗ ನನಗೆ ನಿಜವಾಗಿ ಮುಖ್ಯವಾದ ಮಾತು. ಪೆಟ್ಟಿಗೆ ಪ್ರತಿ ಸಲವೂ ಒಂದೇ ಥರ ನಡೆದರೆ ಮಾತ್ರ, ಮರಿ ಕಡಿಮೆ ಬಂದದ್ದು ಹಕ್ಕಿಯ ದೋಷವೋ ಯಂತ್ರದ ದೋಷವೋ ಗೊತ್ತಾಗುವುದು. ಗೌಜಲಿನಲ್ಲಿ ಒಡಹುಟ್ಟಿದವುಗಳ ಕೂಡಿಕೆಯ ಪೆಟ್ಟು ಬೇಗ ಕಾಣುತ್ತದೆ: ಎರಡು-ಮೂರು ತಲೆಮಾರಿನಲ್ಲೇ ಬರಡು ಮೊಟ್ಟೆ ಹೆಚ್ಚುತ್ತದೆ, ಮರಿಗಳ ಕಾಲು ಸೊಟ್ಟಗಾಗುತ್ತದೆ. ಅದಕ್ಕೆ ನಾನು ಮೂರು ಗುಂಪು ಮಾಡಿ, ಪ್ರತಿ ತಲೆಮಾರಿಗೂ ಒಂದನೆಯದರ ಗಂಡನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಒಂದನೆಯದಕ್ಕೆ ಬಿಡುತ್ತೇನೆ. ಎರಡು-ಮೂರು ಹೆಣ್ಣಿಗೆ ಒಂದು ಗಂಡು. ಗಂಡು ಬದಲಿಸಿದ ಮೇಲೆ ಎರಡು ವಾರದ ಮೊಟ್ಟೆ ಅಡುಗೆಮನೆಗೆ, ಏಕೆಂದರೆ ಹಳೆಯ ಗಂಡಿನ ವೀರ್ಯ ಹೆಣ್ಣಿನಲ್ಲಿ ಅಷ್ಟು ದಿನ ಉಳಿಯಬಹುದು.

ಮೂರು ವಾರಕ್ಕೆ ಎದೆಯ ಗರಿ ನೋಡಿ ಲಿಂಗ ಹೇಳಬಹುದು: ಗಂಡಿಗೆ ಮಚ್ಚೆಯಿಲ್ಲದ ಇಟ್ಟಿಗೆ ಬಣ್ಣ, ಹೆಣ್ಣಿಗೆ ಕಪ್ಪು ಚುಕ್ಕಿ. ಐದನೇ ವಾರದಲ್ಲಿ ಎಲ್ಲವನ್ನೂ ತೂಗಿ, ಕಾಲಿಗೆ ಬಣ್ಣದ ಉಂಗುರ ಹಾಕುತ್ತೇನೆ. ತೂಕವೊಂದನ್ನೇ ನೋಡಿ ಆರಿಸಬೇಡಿ. ಮೈ ಬೆಳೆಯುತ್ತಾ ಹೋಗುತ್ತದೆ, ಮೊಟ್ಟೆ ಮತ್ತು ಫಲವಂತಿಕೆ ಇಳಿಯುತ್ತದೆ. ನಾನು ಭಾರದ ಹಕ್ಕಿಗಿಂತ ಕಾಲು ನೆಟ್ಟಗಿರುವ, ಬೆದರದ, ತಪ್ಪದೆ ಮೊಟ್ಟೆಯಿಡುವ ಹೆಣ್ಣಿನ ಮಕ್ಕಳನ್ನು ಉಳಿಸಿಕೊಳ್ಳುತ್ತೇನೆ. ಯಾವ ಮೊಟ್ಟೆ ಯಾರದ್ದೆಂದು ತಿಳಿಯಲು ಬೇರೆ ಗೂಡು ಬೇಕಿಲ್ಲ. ಒಂದೊಂದು ಹೆಣ್ಣಿನ ಚಿಪ್ಪಿನ ಮಚ್ಚೆಗೂ ಅದರದೇ ಚಿತ್ತಾರ, ರುಜುವಿನ ಹಾಗೆ ಪ್ರತಿದಿನ ಹೆಚ್ಚುಕಡಿಮೆ ಅದೇ. ಇದನ್ನು ಗುರುತಿಸಲು ಕಲಿತ ಮೇಲೆ ಬೆಳಿಗ್ಗೆ ಮೊಟ್ಟೆ ಆರಿಸುವ ಕೆಲಸ ನನಗೆ ದಿನದ ಅತ್ಯಂತ ಇಷ್ಟದ ಹೊತ್ತಾಗಿದೆ.

ಚಿಪ್ಪು ಒಡೆಯಲು ನಮ್ಮ ಕೈ ಬೇಕಾದ ಮರಿಯನ್ನು ಸಾಕುತ್ತೇನೆ, ತಳಿಗೆ ಬಿಡುವುದಿಲ್ಲ. ಎಂಟು ಗ್ರಾಂ ಮರಿಗೆ ನೀರಿನ ತಟ್ಟೆಯೇ ಕೆರೆಯಾದ್ದರಿಂದ ಮೊದಲ ವಾರ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿಡಿ. ಡಿಸೆಂಬರಿನಲ್ಲಿ ಹಗಲು ಚಿಕ್ಕದಾದಾಗ ಸಂಜೆ ಬಲ್ಬ್ ಹಾಕಿ ಬೆಳಕನ್ನು 14 ಗಂಟೆಗೆ ಮುಟ್ಟಿಸದಿದ್ದರೆ ಮೊಟ್ಟೆ ಕಡಿಮೆಯಾಗುತ್ತದೆ. ಅದೇ ತಿಂಗಳ ತಂಪು ಮೊಟ್ಟೆ ಕೂಡಿಡಲು ಹೇಳಿ ಮಾಡಿಸಿದ್ದು, ಒಂದು ವಾರ ಚೂಪು ತುದಿ ಕೆಳಗೆ ಮಾಡಿ ಇಟ್ಟರೂ ಕೆಡುವುದಿಲ್ಲ.

ಅಕ್ಕಪಕ್ಕ ಗೋಡೆಗೆ ಗೋಡೆ ಅಂಟಿರುವ ಮನೆಯವರು ಗಂಡಿನ ಕೂಗಿನ ಬಗ್ಗೆ ಮೊದಲೇ ಯೋಚಿಸಿ, ನಸುಕಿಗೇ ಶುರುವಾಗುತ್ತದೆ. ಟೆರೇಸಿನ ಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ಕೋಳಿ ಬಲೆಯನ್ನು ಹೆಗ್ಗಣ ಕಡಿದು ಒಳಗೆ ಬರುತ್ತದೆ. ಹೊಸದಾಗಿ ಶುರು ಮಾಡುವವರು ಕೊರಿಯರ್‌ನಲ್ಲಿ ಮೊಟ್ಟೆ ತರಿಸುವ ಬದಲು ಹತ್ತಿರದ ಫಾರ್ಮಿಗೆ ಹೋಗಿ ಕೈಯಾರೆ ತನ್ನಿ. ತರಿಸಲೇಬೇಕಾದರೆ ಒಂದು ದಿನ ಅಲುಗಾಡಿಸದೆ ನಿಲ್ಲಿಸಿಟ್ಟು, ಆಮೇಲೆ ಪೆಟ್ಟಿಗೆಗೆ ಇಡಿ.