ಲಾಂಗ್ ಟೇಲ್ ಕೀವರ್ಡ್ ಹುಡುಕಿಕೊಡ್ತೀವಿ ಅನ್ನುವವರಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಸಣ್ಣ ವ್ಯಾಪಾರದವರು, ಮನೆಯಲ್ಲೇ ಏನಾದರೂ ತಯಾರಿಸಿ ಆನ್‌ಲೈನ್‌ನಲ್ಲಿ ಮಾರುವವರು ದಯವಿಟ್ಟು ಪೂರ್ತಿ ಓದಿ. ಬರೆಯುವಾಗ ನಾಚಿಕೆ ಆಗುತ್ತಿದೆ, ಸಿಟ್ಟೂ ಬರುತ್ತಿದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಇದೇ ಜನ ನಮ್ಮ ಪರಿಚಯದ ಉಪ್ಪಿನಕಾಯಿ ಮಾಡುವವರ ಹತ್ತಿರವೂ ಮಾತಾಡುತ್ತಿದ್ದಾರೆ ಅಂತ ಮೊನ್ನೆ ಗೊತ್ತಾಯಿತು.

ನಮ್ಮದು ತಿಪಟೂರು. ಮರದ ಗಾಣದ ಎಣ್ಣೆ ಮಾಡುತ್ತೇವೆ. ಕೊಬ್ಬರಿ, ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು. ಬೆಂಗಳೂರಿಗೆ ಕೊರಿಯರ್ ಮಾಡುವ ವ್ಯಾಪಾರ ಬೆಳೆಸೋಣ ಅಂತ ವೆಬ್‌ಸೈಟ್ ಮಾಡಿಸಿದ್ದೆವು. ಆಗ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿಯಿಂದ ಫೋನ್ ಬಂತು.

ಅವರು ಮಾತಾಡಿದ ರೀತಿ ಹೇಗಿತ್ತು ಅಂದರೆ, ಯಾರಾದರೂ ನಂಬುತ್ತಿದ್ದರು. "ಮೇಡಂ, ಕುಕಿಂಗ್ ಆಯಿಲ್ ಅಂತ ಹುಡುಕಿದ್ರೆ ದೊಡ್ಡ ಬ್ರ್ಯಾಂಡ್‌ಗಳೇ ಬರ್ತವೆ. ಅಲ್ಲಿ ನಿಮಗೆ ಜಾಗ ಸಿಗಲ್ಲ. ಆದ್ರೆ ನಾಲ್ಕೈದು ಪದ ಸೇರಿಸಿ ಹುಡುಕೋ ಜನ ಇರ್ತಾರೆ. ಹಾಗೆ ಹುಡುಕೋ ಉದ್ದದ ಸಾಲುಗಳೇ ಲಾಂಗ್ ಟೇಲ್ ಕೀವರ್ಡ್. ಹುಡುಕೋರು ಕಮ್ಮಿ, ಆದ್ರೆ ಹುಡುಕಿದೋರು ಕೊಂಡ್ಕೊಳ್ತಾರೆ." ಈ ಮಾತು ನಿಜ. ಅದೇ ನನಗೆ ಜಾಸ್ತಿ ಉರಿಸುವುದು. ನಿಜವನ್ನೇ ಮುಂದಿಟ್ಟುಕೊಂಡು ಮೋಸ ಮಾಡಿದರು.

ಒಟ್ಟು 40 ಸಾವಿರ, ಅರ್ಧ ಮುಂಗಡ. ಪೇಯ್ಡ್ ಟೂಲ್‌ನಲ್ಲಿ ಹುಡುಕಿದ 600 ಕೀವರ್ಡ್, ಅದರ ಮೇಲೆ ಲೇಖನಗಳು, ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ. ಗ್ಯಾರಂಟಿ ಅಂದರು. ಮುಂಗಡ ಹಾಕಿದೆವು. ಎಕ್ಸೆಲ್ ಶೀಟ್ ಬಂತು. ಸಾಲು ಸಾಲು ಕೀವರ್ಡ್, ಪಕ್ಕದಲ್ಲಿ ಎಷ್ಟು ಸಲ ಹುಡುಕುತ್ತಾರೆ ಅನ್ನುವುದಕ್ಕೆ 'ತಿಂಗಳಿಗೆ 100ರಿಂದ 1,000' ಅಂತ ಸಂಖ್ಯೆ, ಅದರ ಪಕ್ಕ ಹಸಿರು ಬಣ್ಣದಲ್ಲಿ 'ಕಾಂಪಿಟಿಷನ್ ಲೋ'. "ನೋಡಿ ಮೇಡಂ, ಎಲ್ಲಾ ಲೋ ಕಾಂಪಿಟಿಷನ್. ಸುಲಭವಾಗಿ ಮೇಲೆ ಬರ್ತೀವಿ" ಅಂದರು.

ಲೇಖನಗಳು ಸೈಟಿಗೆ ಬಂದವು. ಸ್ವಲ್ಪ ದಿನಕ್ಕೆ ಫೋನ್ ಶುರುವಾಯಿತು. ಮನೆಯಲ್ಲೆಲ್ಲ ಖುಷಿ. ಆದರೆ ಫೋನ್ ಮಾಡಿದವರು ಕೇಳಿದ್ದೇನು ಗೊತ್ತಾ?

"ಗಾಣದ ಮೆಷಿನ್ ಎಷ್ಟು ಮೇಡಂ?"

"ಎಷ್ಟು ಎಚ್‌ಪಿ ಮೋಟಾರ್ ಬೇಕು? ಸಬ್ಸಿಡಿ ಸಿಗುತ್ತಾ?"

"ಫ್ರಾಂಚೈಸಿ ಕೊಡ್ತೀರಾ?"

ದಿನವೂ ಇದೇ. ಎಣ್ಣೆ ಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾವು ಮಾರುವುದು ಎಣ್ಣೆ ಸ್ವಾಮಿ, ಮೆಷಿನ್ ಅಲ್ಲ! ಶೀಟ್ ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಾಲುಗಳು ಮೆಷಿನ್ ಬೆಲೆ, ಗಾಣದ ಬಿಸಿನೆಸ್ ಪ್ಲಾನ್, ಲಾಭ ಎಷ್ಟು, ಲೈಸೆನ್ಸ್ ಹೇಗೆ, ಇಂಥವೇ. ಇವನ್ನು ಹುಡುಕುವವರು ಗಾಣ ಹಾಕಲು ಹೊರಟವರು. ನಮ್ಮ ಗಿರಾಕಿಗಳೇ ಅಲ್ಲ. ಕೀವರ್ಡ್ ಉದ್ದ ಇದ್ದರೆ ಸಾಕಾ? ಹುಡುಕುವವರಿಗೆ ಏನು ಬೇಕು ಅಂತ ನೋಡುವುದು ಬೇಡವಾ?

ಕೇಳಿದೆ. ಬಂದ ಉತ್ತರ: "ಟ್ರಾಫಿಕ್ ಮೂರು ಪಟ್ಟು ಆಗಿದೆ ಮೇಡಂ, ರಿಪೋರ್ಟ್ ನೋಡಿ. ಜನರನ್ನ ತರೋದು ನಮ್ಮ ಕೆಲಸ, ಮಾರೋದು ನಿಮ್ಮ ಕೆಲಸ."

ಈ ಮಾತನ್ನು ನಾನು ಈಗಲೂ ಮರೆತಿಲ್ಲ.

ಅಕ್ಕನ ಮಗ ಬಿಸಿಎ ಓದುತ್ತಿದ್ದಾನೆ. ಹಬ್ಬಕ್ಕೆ ಬಂದಿದ್ದ. ಶೀಟ್ ನೋಡಿದ. ಏನೂ ಹೇಳದೆ ಗೂಗಲ್ ತೆರೆದು 'ಕೋಲ್ಡ್ ಪ್ರೆಸ್ ಆಯಿಲ್' ಅಂತ ಇಂಗ್ಲಿಷಿನಲ್ಲಿ ಹೊಡೆದು, ಸ್ಪೇಸ್ ಬಿಟ್ಟು 'ಎ' ಒತ್ತಿದ. "ಚಿಕ್ಕಮ್ಮ, ಕೆಳಗೆ ಬಿದ್ದಿರೋದನ್ನ ಓದಿ, ಶೀಟ್ ಜೊತೆ ತಾಳೆ ಹಾಕಿ" ಅಂದ. ಹೆಚ್ಚುಕಮ್ಮಿ ಅವೇ ಸಾಲುಗಳು. 'ಬಿ' ಒತ್ತಿದ. ಮುಂದಿನ ಸಾಲುಗಳು. 'ಸಿ' ಒತ್ತಿದ. ಮತ್ತೆ ಅವೇ. ಗೂಗಲ್ ತಾನಾಗೇ ತೋರಿಸುವ ಸಲಹೆಗಳನ್ನು ಎ ಇಂದ ಝಡ್‌ವರೆಗೆ ಎತ್ತಿಕೊಡುವ ಪುಕ್ಕಟೆ ಟೂಲ್‌ಗಳಿವೆಯಂತೆ. ಪೇಯ್ಡ್ ಟೂಲ್ ಅಂದಿದ್ದರಲ್ಲ! ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಯಜಮಾನರು ಏನೂ ಮಾತಾಡಲಿಲ್ಲ. ನನಗೆ ಮುಖ ಎತ್ತಲು ಆಗಲಿಲ್ಲ.

ಆ ಹಸಿರು 'ಲೋ' ಇನ್ನೂ ದೊಡ್ಡ ಸುಳ್ಳು. ಅದು ಗೂಗಲ್ ಕೀವರ್ಡ್ ಪ್ಲಾನರ್ ಅನ್ನುವ, ಜಾಹೀರಾತು ಹಾಕುವವರಿಗಾಗಿ ಇರುವ ಟೂಲ್‌ನಿಂದ ಬಂದದ್ದು. ಅಲ್ಲಿ ಕಾಂಪಿಟಿಷನ್ ಅಂದರೆ ಆ ಪದಕ್ಕೆ ಜಾಹೀರಾತು ಹಾಕುವವರ ನಡುವಿನ ಪೈಪೋಟಿ. ದುಡ್ಡಿಲ್ಲದೆ ಬರುವ ಫಲಿತಾಂಶದಲ್ಲಿ ಮೇಲೆ ಬರುವುದು ಸುಲಭವೋ ಕಷ್ಟವೋ ಅನ್ನುವುದನ್ನು ಅದು ಹೇಳುವುದೇ ಇಲ್ಲ. '100ರಿಂದ 1,000' ಅನ್ನುವ ಅಗಲದ ಲೆಕ್ಕವೂ ಅಲ್ಲಿಯದೇ. ಜಾಹೀರಾತಿಗೆ ಖರ್ಚು ಮಾಡದ ಖಾತೆಗೆ ಪ್ಲಾನರ್ ಹಾಗೆ ಅಂದಾಜು ತೋರಿಸುತ್ತದೆ. ಈ ಕೆಲಸ ಮಾಡುವವರಿಗೆ ಇದು ಗೊತ್ತಿರಲೇಬೇಕು. ಗೊತ್ತಿದ್ದೂ ನನಗೆ 'ಸುಲಭ' ಅಂತ ಮಾರಿದರು.

ಇದನ್ನೂ ಕೇಳಿದೆ. "ಮೇಡಂ ಇದು ಟೆಕ್ನಿಕಲ್, ನಿಮಗೆ ಅರ್ಥ ಆಗಲ್ಲ." ಮತ್ತೆ ಕೇಳಿದ್ದಕ್ಕೆ, "ಎಸ್‌ಇಒಗೆ ತಾಳ್ಮೆ ಬೇಕು ಮೇಡಂ." (ಎಸ್‌ಇಒ ಅಂದರೆ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ.) ಗ್ಯಾರಂಟಿ ಏನಾಯಿತು ಅಂದಿದ್ದಕ್ಕೆ, "ಗೂಗಲ್ ಅಪ್‌ಡೇಟ್ ಬಂದಿದೆ ಮೇಡಂ." ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಅದರ ಕೊಂಡಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಇನ್ನೊಂದು ಕೆಲಸ ಮಾಡಿಟ್ಟಿದ್ದರು. ಹಾಸನದಲ್ಲಿ ಗಾಣದ ಎಣ್ಣೆ, ದಾವಣಗೆರೆಯಲ್ಲಿ ಗಾಣದ ಎಣ್ಣೆ, ಹುಬ್ಬಳ್ಳಿಯಲ್ಲಿ ಗಾಣದ ಎಣ್ಣೆ ಅಂತ ಊರಿಗೊಂದು ಪುಟ. ಒಳಗೆ ಅಕ್ಷರ ಅಕ್ಷರವೂ ಒಂದೇ, ಊರಿನ ಹೆಸರು ಮಾತ್ರ ಬೇರೆ. ಅಲ್ಲೆಲ್ಲ ನಮ್ಮ ಅಂಗಡಿಯೇ ಇಲ್ಲ. ಹುಡುಕಾಟಕ್ಕಾಗಿಯೇ ಹೀಗೆ ಪುಟ ಸೃಷ್ಟಿಸುವುದನ್ನು ಗೂಗಲ್‌ನ ಸ್ಪ್ಯಾಮ್ ನಿಯಮ ಹೆಸರಿಟ್ಟು ಬೇಡ ಅನ್ನುತ್ತದೆ. ಸಿಕ್ಕಿಬಿದ್ದರೆ ಪೆಟ್ಟು ಬೀಳುವುದು ಅವರಿಗಲ್ಲ, ನಮ್ಮ ಸೈಟಿಗೆ. ಎಲ್ಲ ಅಳಿಸಿದೆವು.

ನಮ್ಮ ಸೈಟ್ ಗೂಗಲ್‌ನಲ್ಲಿ ಹೇಗೆ ಕಾಣಿಸುತ್ತಿದೆ ಅಂತ ತೋರಿಸುವ ಗೂಗಲ್‌ನದೇ ಟೂಲ್, ಸರ್ಚ್ ಕನ್ಸೋಲ್ ಕೂಡ ಅವರ ಇಮೇಲ್‌ನಲ್ಲಿತ್ತು. ಕೊಡಿ ಅಂದರೆ, "ಬಾಕಿ ಪೇಮೆಂಟ್ ಆದ್ಮೇಲೆ ಕೊಡ್ತೀವಿ." ನಮ್ಮ ಅಂಗಡಿಯ ಲೆಕ್ಕದ ಪುಸ್ತಕ ಅವರ ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗೆ! ಪುಣ್ಯಕ್ಕೆ ಡೊಮೈನ್, ಅಂದರೆ ಸೈಟಿನ ವಿಳಾಸ, ನಮ್ಮ ಹೆಸರಿನಲ್ಲಿತ್ತು. ಅಕ್ಕನ ಮಗ ಆ ವಿಳಾಸದ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸಿ ನಾವೇ ಮಾಲೀಕರು ಅಂತ ಖಚಿತಪಡಿಸಿದ. ಆಮೇಲೆ ಅವರನ್ನು ತೆಗೆದುಹಾಕಿದ.

ಸರ್ಚ್ ಕನ್ಸೋಲ್ ಪುಕ್ಕಟೆ. ಜನ ಏನು ಟೈಪ್ ಮಾಡಿದಾಗ ನಮ್ಮ ಸೈಟ್ ಕಾಣಿಸಿತು ಅನ್ನುವ ಪಟ್ಟಿ 16 ತಿಂಗಳವರೆಗಿನದು ಸಿಗುತ್ತದೆ. ತೆರೆದು ನೋಡಿದರೆ ನನ್ನ ಹೊಟ್ಟೆ ಉರಿಯಿತು. ಗಾಣದ ಎಣ್ಣೆಯಲ್ಲಿ ಕರಿದರೆ ನೊರೆ ಯಾಕೆ ಬರುತ್ತದೆ, ತಳದಲ್ಲಿ ಗಸಿ ನಿಂತರೆ ಕೆಟ್ಟಿದೆಯಾ, ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಬಳಸಬಹುದಾ, ಮಗುವಿನ ತಲೆಗೆ ಯಾವ ಎಣ್ಣೆ. ಇವೇ ಪ್ರಶ್ನೆಗಳನ್ನು ನಮ್ಮ ಗಿರಾಕಿಗಳು ವಾಟ್ಸಾಪ್‌ನಲ್ಲಿ ಎಷ್ಟೋ ಕಾಲದಿಂದ ಕೇಳುತ್ತಿದ್ದಾರೆ! ಕೆಲವು ಕನ್ನಡ ಲಿಪಿಯಲ್ಲಿ, ಹೆಚ್ಚಿನವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಕನ್ನಡ. ಉತ್ತರ ಕರ್ನಾಟಕದವರು ಶೇಂಗಾ ಎಣ್ಣೆ ಅಂತಲೂ ಹುಡುಕಿದ್ದಾರೆ. ಆ 600 ಸಾಲಿನ ಶೀಟ್‌ನಲ್ಲಿ ಇಂಥ ಒಂದೇ ಒಂದು ಸಾಲು ಇಲ್ಲ. ಒಂದೇ ಒಂದು! ನನ್ನ ಗಿರಾಕಿಗಳು ಏನು ಕೇಳುತ್ತಾರೆ ಅಂತ ಅವರು ನನ್ನನ್ನು ಒಂದು ಸಲವೂ ಕೇಳಲಿಲ್ಲ.

ಈಗ ನೊರೆ ಬಗ್ಗೆ ನಾನೇ ಒಂದು ಪುಟ ಬರೆದಿದ್ದೇನೆ. ಅದನ್ನು ಓದಿ ಫೋನ್ ಮಾಡುವವರು ಎಣ್ಣೆ ಕೇಳುತ್ತಾರೆ.

ದುಡ್ಡು ಕೊಡುವ ಮೊದಲು ಇಷ್ಟು ಮಾಡಿ. ಶೀಟ್‌ನಿಂದ ಹತ್ತು ಕೀವರ್ಡ್ ಆರಿಸಿ ನೀವೇ ಗೂಗಲ್‌ನಲ್ಲಿ ಹಾಕಿ, ಮೊದಲ ಪುಟದಲ್ಲಿ ಯಾರಿದ್ದಾರೆ ನೋಡಿ. ಮೆಷಿನ್ ಮಾರುವವರೇ ತುಂಬಿದ್ದರೆ ಅದು ನಿಮಗಲ್ಲ. ಸಂಖ್ಯೆಗಳು ಯಾವ ಟೂಲ್‌ನವು ಅಂತ ಬರಹದಲ್ಲಿ ಕೇಳಿ. ಸರ್ಚ್ ಕನ್ಸೋಲ್, ಡೊಮೈನ್ ಎರಡೂ ನಿಮ್ಮ ಇಮೇಲ್‌ನಲ್ಲೇ ಇರಲಿ, ಅವರಿಗೆ ನೋಡಲು ಮಾತ್ರ ಅವಕಾಶ ಕೊಡಿ. ಗ್ಯಾರಂಟಿ ಅಂದ ಕೂಡಲೇ ಫೋನ್ ಇಟ್ಟುಬಿಡಿ.

ಬಾಕಿ 20 ಸಾವಿರ ಕೊಡಿ, ಇಲ್ಲದಿದ್ದರೆ ಲೀಗಲ್ ನೋಟಿಸ್ ಕಳಿಸ್ತೀವಿ ಅಂತ ಈಗ ಮೆಸೇಜ್ ಹಾಕುತ್ತಿದ್ದಾರೆ. ಕಳಿಸಲಿ. ಮೊದಲು ಕೊಟ್ಟ 20 ಸಾವಿರಕ್ಕೆ ಜಿಎಸ್‌ಟಿ ಬಿಲ್ ಕೇಳಿದ್ದೆ, ಅದನ್ನೇ ಇನ್ನೂ ಕೊಟ್ಟಿಲ್ಲ. ಎಲ್ಲ ಮೆಸೇಜ್, ಶೀಟ್, ರಿಪೋರ್ಟ್ ಹಾಗೇ ಇಟ್ಟುಕೊಂಡಿದ್ದೇನೆ. ನಿಮಗೂ ಇಂಥದ್ದೇ ಹಸಿರು 'ಲೋ' ಇರುವ ಶೀಟ್ ಬಂದಿದ್ದರೆ ನನಗೆ ಕಳಿಸಿ, ಇಬ್ಬರದ್ದೂ ತಾಳೆ ಹಾಕಿ ನೋಡೋಣ.