ತೋಟಕ್ಕೆ ಟಾರ್ಚ್: ಕಂಪನಿಯದೋ, ಮಾಡಿಫೈ ಮಾಡಿದ್ದೋ?

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಟಾರ್ಚ್ ಬೇಕು ಅಂತ ಬಂದರೆ ನಾನು ಮೊದಲು ಕೇಳೋದಿಷ್ಟೇ: ಕಾಫಿ ಕಣ ಕಾಯೋಕಾ, ಗದ್ದೆಯಾಚೆ ಆನೆ ನಿಂತಿದೆಯಾ ಅಂತ ನೋಡೋಕಾ?

ಕಣಕ್ಕೆ ಕಂಪನಿಯದೇ ಸಾಕು. ಬೆಳಕು ಹರಡುತ್ತೆ, ವಾರಂಟಿಯೂ ಇರುತ್ತೆ. ದೂರಕ್ಕಾದರೆ ಎಲ್‌ಇಡಿ, ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದವಾಗಿ ಕೊಡೋ ಸರ್ಕ್ಯೂಟ್) ಬದಲಿಸಿ ಆಳದ ರಿಫ್ಲೆಕ್ಟರ್ ಕೂರಿಸಿದ್ದು ಬೇಕು. ಲ್ಯೂಮೆನ್, ಅಂದ್ರೆ ಒಟ್ಟು ಬೆಳಕು ಎಷ್ಟು ಅನ್ನೋದನ್ನ ನೋಡಿ ಮರುಳಾಗಬೇಡಿ, ದೂರ ಅನ್ನೋದು ಕ್ಯಾಂಡೆಲಾ ಲೆಕ್ಕ, ಅಂದ್ರೆ ಒಂದೇ ದಿಕ್ಕಿಗೆ ಬೆಳಕು ಎಷ್ಟು ತೀಕ್ಷ್ಣ ಅನ್ನೋದು. ನಾನು ಬೆಸುಗೆ ಹಾಕಿದ ಮೊದಲನೆಯದು ಎರಡೇ ನಿಮಿಷಕ್ಕೆ ಕೈ ಸುಡುವಷ್ಟು ಕಾದಿತ್ತು! ಈಗ ಬಿಸಿ ಏರಿದರೆ ಪವರ್ ತಾನಾಗಿ ಇಳಿಸೋ ಡ್ರೈವರನ್ನೇ ಹಾಕ್ತೀನಿ. ಕಂಪನಿ ವಾರಂಟಿ ಮಾತ್ರ ಹೋಯ್ತು ಅಂತಲೇ ಲೆಕ್ಕ. ಟಾರ್ಚಿಗೆ ಹಾಕೋ ಲಿಥಿಯಂ 18650 ಸೆಲ್ (ರೀಚಾರ್ಜ್ ಮಾಡೋ ಬ್ಯಾಟರಿಯ ಒಂದು ಅಳತೆ) ಚಾರ್ಜ್ 4.2 ವೋಲ್ಟ್ ದಾಟಬಾರದು. ಅಗ್ಗದ ಸೆಲ್ ಬೇಡವೇ ಬೇಡ.

ಮಂಜು ಕವಿದರೆ ಎರಡೂ ಅಷ್ಟಕ್ಕಷ್ಟೇ, ಬೆಳಕೆಲ್ಲ ಮುಖಕ್ಕೇ ವಾಪಸ್. ಪವರ್ ಕಮ್ಮಿ ಮಾಡಿ, ಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿಯಿರಿ.