ಬಾಲಿಯಲ್ಲಿ ಒಂದೇ ದಿನ ಇದ್ದರೆ: ಉಬುದ್ ಸುತ್ತಮುತ್ತವೋ, ಜತಿಲುವಿಹ್ ಕಡೆಗೋ?

ಜಲಪಾತ, ಮೆಟ್ಟಿಲು ಗದ್ದೆ, ಕೋತಿ. ಬಾಲಿಗೆ ಹೋದವರಿಗೆ ಮೂರೂ ಬೇಕು, ಅದೂ ಒಂದೇ ದಿನದಲ್ಲಿ. ಏಪ್ರಿಲ್‌ನಲ್ಲಿ ಅಮ್ಮನ ಜೊತೆ ಹೋಗಿದ್ದಾಗ ನಾವು ಉಬುದ್ ಪಟ್ಟಣದಲ್ಲಿ ಉಳಿದುಕೊಂಡು ಎರಡು ದಾರಿಯನ್ನೂ ನೋಡಿದೆವು. ಒಂದು ದಿನ ಉಬುದ್ ಸುತ್ತಮುತ್ತ, ಇನ್ನೊಂದು ದಿನ ಜತಿಲುವಿಹ್‌ನ ಗದ್ದೆ ಮತ್ತು ಮುಂಡುಕ್‌ನ ಜಲಪಾತ. ಎರಡಕ್ಕೂ ಡ್ರೈವರ್ ಸಮೇತ ಕಾರು ಮಾಡಿಕೊಂಡಿದ್ದೆವು.

ಮೊದಲು ಗದ್ದೆ. ತೆಗಲಲಾಂಗ್ ಉಬುದ್‌ನಿಂದ ಹತ್ತು ಕಿಲೋಮೀಟರ್ ಒಳಗೇ ಇದೆ. ಕಡಿದಾದ ಕಣಿವೆ, ಎದುರಿಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ಫೋಟೋಗೆ ಬಹಳ ಚೆಂದ. ಆದರೆ ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ಆಮೇಲೆ ಫೋಟೋಗೆಂದೇ ಹಾಕಿರುವ ಉಯ್ಯಾಲೆಗಳ ಮುಂದೆ ಸಾಲು, ಕೆಫೆಗಳ ತುಂಬ ಜನ. ಗದ್ದೆಯೊಳಗೆ ನಡೆಯುವಾಗ ಅಲ್ಲಲ್ಲಿ ಕಾಣಿಕೆ ಕೇಳುತ್ತಾರೆ, ಚಿಲ್ಲರೆ ನೋಟು ಇಟ್ಟುಕೊಂಡಿರಿ.

ಜತಿಲುವಿಹ್‌ಗೆ ಒಂದೂವರೆ ಗಂಟೆ ದಾರಿ. ಬತುಕರು ಬೆಟ್ಟದ ಮಗ್ಗುಲಲ್ಲಿ ಸುಮಾರು 600 ಹೆಕ್ಟೇರ್ ಗದ್ದೆ, ಕಣ್ಣು ಹಾಯಿಸಿದಷ್ಟೂ ಹಸಿರು. ಬಾಲಿಯ 'ಸುಬಕ್' ಪದ್ಧತಿಗೆ ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟಿತು. ಆ ಪಟ್ಟಿಯಲ್ಲಿ ಈ ಗದ್ದೆಗಳೂ ಇವೆ, ತೆಗಲಲಾಂಗ್ ಇಲ್ಲ. ಸುಬಕ್ ಅಂದರೆ ಒಂದೇ ನೀರನ್ನು ನಂಬಿದ ರೈತರೆಲ್ಲ ಸೇರಿ ಮಾಡಿಕೊಂಡ ಕೂಟ. ಯಾರ ಗದ್ದೆಗೆ ಎಷ್ಟು ನೀರು, ಯಾವಾಗ ನಾಟಿ, ಎಲ್ಲವನ್ನೂ ಅವರೇ ಕೂತು ತೀರ್ಮಾನಿಸುತ್ತಾರೆ. ನೀರಿನ ಗುಡಿಯ ಪೂಜೆಯೂ ಅದರೊಳಗೇ ಸೇರಿದೆ.

ಅಮ್ಮ ಗದ್ದೆ ಕೆಲಸ ಮಾಡಿಯೇ ಬೆಳೆದವರು. ಬದುವಿನ ಮೇಲೆ ಹೋಗುತ್ತಿದ್ದವರು ಒಂದು ಕಡೆ ಕೂತೇಬಿಟ್ಟರು. ಕಾಲುವೆಗೆ ಅಡ್ಡಲಾಗಿ ಪುಟ್ಟ ಕಟ್ಟೆ, ಅದರಲ್ಲಿ ಎರಡು ಕಚ್ಚು, ಒಂದು ಅಗಲ, ಒಂದು ಕಿರಿದು. ದೊಡ್ಡ ಗದ್ದೆಗೆ ಅಗಲದ್ದರಿಂದ, ಚಿಕ್ಕದಕ್ಕೆ ಕಿರಿದರಿಂದ ನೀರು ಹೋಗುತ್ತಿತ್ತು. ಅಮ್ಮ ಕಚ್ಚಿನೊಳಗೆ ಬೆರಳಿಟ್ಟು ಅಳೆದರು. "ಹಿಂಗಿದ್ರೆ ಜಗಳಾನೇ ಇರಲ್ಲ ನೋಡು" ಅಂದರು. ಆ ಕಟ್ಟೆಯ ಹತ್ತಿರವೇ ಅರ್ಧ ಗಂಟೆ ಕಳೆದೆವು. ಗದ್ದೆಗಾಗಿ ಹೋಗುವವರು ಜತಿಲುವಿಹ್‌ಗೇ ಹೋಗಿ, ನನಗೆ ಇದರಲ್ಲಿ ಎರಡು ಮಾತಿಲ್ಲ.

ಜಲಪಾತದ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ. ತೆಗೆನುಂಗನ್ ಜಲಪಾತ ಉಬುದ್‌ಗೆ ಹತ್ತಿರ, ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಮೊಣಕಾಲು ನೋವಿದ್ದ ಅಮ್ಮನಿಗೆ ಅದು ದೊಡ್ಡ ಅನುಕೂಲ. ಆದರೆ ಹಿಂದಿನ ರಾತ್ರಿ ಮಳೆ ಬಂದಿತ್ತು, ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮುಂಡುಕ್‌ನದು ಲವಂಗದ ಮರಗಳ ನಡುವೆ ಇಳಿದು ಹೋಗುವ ದಾರಿ. ತಂಪು, ಜನ ಕಡಿಮೆ, ಹತ್ತಿರ ಹೋದರೆ ತುಂತುರಿಗೆ ಮೈಯೆಲ್ಲ ಒದ್ದೆ. ಜತಿಲುವಿಹ್‌ನಿಂದ ಅಲ್ಲಿಗೆ ಮತ್ತೆ ಒಂದು ಗಂಟೆಗಿಂತ ಜಾಸ್ತಿ ಬೇಕು, ತಿರುವು ರಸ್ತೆ. ಅಮ್ಮನಿಗೆ ಅಲ್ಲಿಗೇ ಸಾಕಾಗಿತ್ತು.

ಪ್ರಾಣಿಗಳಿಗಾದರೆ ಉಬುದ್ ಕಡೆಯೇ ವಾಸಿ. ಪಡಂಗ್‌ತೆಗಲ್‌ನ ಮಂಕಿ ಫಾರೆಸ್ಟ್‌ನಲ್ಲಿ ಸಾವಿರಕ್ಕೂ ಹೆಚ್ಚು ಉದ್ದ ಬಾಲದ ಕೋತಿಗಳಿವೆ. ಕನ್ನಡಕ ತೆಗೆದಿಡಿ, ಪ್ಲಾಸ್ಟಿಕ್ ಚೀಲ ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬಾಲಿಯಲ್ಲಿ ರೇಬಿಸ್ ಇದೆ. ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ದಾರಿಯಲ್ಲಿ 'ಲುವಾಕ್ ಕಾಫಿ' (ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದಿಂದ ಮಾಡುವ ಕಾಫಿ) ತೋಟಕ್ಕೆ ಕರೆದರೆ ದಯವಿಟ್ಟು ಬೇಡ ಅನ್ನಿ. ನಾವು ಹೋದ ಕಡೆ ಪುನುಗು ಬೆಕ್ಕು ಬೋನಿನೊಳಗೆ ಸುತ್ತಿದಲ್ಲೇ ಸುತ್ತುತ್ತಿತ್ತು. ಅಮ್ಮ ಕಾಫಿ ಮುಟ್ಟಲಿಲ್ಲ.

ಒಂದೇ ದಿನ ಇದೆ ಅನ್ನುವವರಿಗೆ ನಾನು ಹೇಳುವುದು ಇಷ್ಟು. ಬೆಳಿಗ್ಗೆ ಏಳಕ್ಕೆ ಜತಿಲುವಿಹ್‌ಗೆ ಹೊರಡಿ, ಎರಡು ಗಂಟೆ ನಡೆಯಿರಿ, ಮುಂಡುಕ್ ಬಿಟ್ಟುಬಿಡಿ. ಸಂಜೆ ಐದೂವರೆಗೆ ಉಬುದ್ ಪಕ್ಕದ ಪೆತುಲು ಹಳ್ಳಿಯಲ್ಲಿರಿ. ಗದ್ದೆಯಲ್ಲಿ ಮೇಯ್ದ ಬೆಳ್ಳಕ್ಕಿಗಳು ಸಾವಿರಗಟ್ಟಲೆ ಅಲ್ಲಿನ ಮರಗಳಿಗೆ ವಾಪಸ್ ಬರುತ್ತವೆ. 1965ರಿಂದ ಬರುತ್ತಿವೆಯಂತೆ. ಇಂಡೋನೇಷ್ಯಾದಲ್ಲಿ ಆಗ ಕಮ್ಯುನಿಸ್ಟರೆಂದು ಶಂಕಿಸಿ ನಡೆಸಿದ ಸಾಮೂಹಿಕ ಹತ್ಯೆಗಳಲ್ಲಿ ಸತ್ತವರ ಆತ್ಮಗಳು ಇವು ಅಂತ ಊರಿನವರ ನಂಬಿಕೆ. ನಾವು ರಸ್ತೆ ಬದಿಯಲ್ಲಿ ನಿಂತು ನೋಡಿದೆವು. ಹಸಿರು ಮರ ಸ್ವಲ್ಪ ಸ್ವಲ್ಪವೇ ಬೆಳ್ಳಗಾಯಿತು. ಕತ್ತಲಾದ ಮೇಲೂ ಅಮ್ಮ ಕಾರು ಹತ್ತಲಿಲ್ಲ.